ಬಾವಲಿಗಳಿಗಾಗಿ ಸಮ್ಮೇಳನವೇಕೆ? ಪುಣೆಯ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಅಂತರರಾಷ್ಟ್ರೀಯ ಬಾವಲಿ ಸಂಶೋಧನಾ ಸಮ್ಮೇಳನವನ್ನು ಕುರಿತು ನಮ್ಮ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ನಿಫಾ ಹರಡುವ ಪ್ರಾಣಿಯ ಸಂರಕ್ಷಣೆಗೆಂದು ದೇಶದೇಶಗಳ ವಿದ್ವಾಂಸರು ಹಣ ಸುರಿದು ಒಂದೆಡೆ ಸೇರುವುದು ಯಾವ ಪುರುಷಾರ್ಥಕ್ಕೆ ಎಂದು ಕೇಳಿದ್ದೀರಿ. ಮುಂಬಯಿಯ ಕನ್ನಡ ಪತ್ರಿಕೆಗೆ ಆ ಗೊಡವೆ ಏಕೆ ಎಂದೂ ಕೇಳಿದ್ದೀರಿ. ತಮ್ಮ ವಸತಿ ಸೊಸೈಟಿಯ ಅಂಗಳದ ಅರಳಿಮರದಲ್ಲಿ ದೊಡ್ಡ ಬಾವಲಿಗಳು ಬೀಡುಬಿಟ್ಟಿವೆ, ಅದನ್ನು ಕಡಿಸಬೇಕೆಂಬ ಮಾತು ಸಭೆಯಲ್ಲಿ ಎದ್ದಿದೆ ಎಂಬ ಸಂಗತಿಯನ್ನು ಕೊನೆಯಲ್ಲಿ ಒಂದೇ ವಾಕ್ಯದಲ್ಲಿ ತಿಳಿಸಿದ್ದೀರಿ. ಪತ್ರದ ಜೀವವಿರುವುದು ಅಲ್ಲಿಯೇ ಎಂದು ನಮಗೆ ತೋರಿತು. ಅದಕ್ಕೆ ಕೊನೆಯಲ್ಲಿ ಬರುತ್ತೇವೆ.

ಮುಂಬಯಿಯ ಗೊಡವೆಯನ್ನು ಮೊದಲು ಹೇಳುತ್ತೇವೆ. 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹದಲ್ಲಿ, ತಮಿಳುನಾಡಿನ ಹೈವೇವಿ ಬೆಟ್ಟಗಳಲ್ಲಿ 1948ರಲ್ಲಿ ಆಂಗಸ್ ಹಟನ್ ಹಿಡಿದ ಒಂದು ಹಣ್ಣುಬಾವಲಿಯ ಮಾದರಿ ಇತ್ತು. ಎಲ್ಲೆಡೆ ಕಾಣುವ ಗಿಡ್ಡಮೂತಿಯ ಹಣ್ಣುಬಾವಲಿ ಎಂಬ ಚೀಟಿ ಹೊತ್ತು ಅದು ವರ್ಷಗಟ್ಟಲೆ ಅಲ್ಲಿಯೇ ಉಳಿಯಿತು. ಥಾಯ್ಲೆಂಡಿನ ಪ್ರಾಣಿತಜ್ಞ ಕಿಟ್ಟಿ ಥಾಂಗ್ಲೋಂಗ್ಯ ಅದನ್ನು ಕೈಗೆತ್ತಿಕೊಂಡು ನೋಡಿದಾಗ ಗಿಡ್ಡಮೂತಿಯ ಬಾವಲಿಗೆ ಇರಬೇಕಾದ ಪುಟ್ಟ ಬಾಲವೇ ಅದಕ್ಕೆ ಇರಲಿಲ್ಲ. ಮುಂಭಾಗದಲ್ಲಿ ಮೇಲಿನ ದವಡೆಗೆ ಒಂದು ಜೊತೆ, ಕೆಳಗಿನದಕ್ಕೆ ಒಂದು ಜೊತೆ ಬಾಚಿಹಲ್ಲುಗಳು ಮಾತ್ರ ಇದ್ದವು. 1972ರಲ್ಲಿ ಅವರು ಅದನ್ನು ಹೊಸ ಪ್ರಭೇದವಷ್ಟೇ ಅಲ್ಲ, ಹೊಸ ಕುಲವೆಂದೇ (ಜೀನಸ್) ವರ್ಣಿಸಿ ಪಕ್ಷಿತಜ್ಞ ಸಲೀಂ ಅಲಿಯವರ ಹೆಸರಿಟ್ಟರು. ಇಪ್ಪತ್ತನಾಲ್ಕು ವರ್ಷ ನಮ್ಮೂರಿನಲ್ಲೇ ಇದ್ದ ಪ್ರಾಣಿಯನ್ನು ಗುರುತಿಸಲು ಹೊರಗಿನ ಕಣ್ಣು ಬೇಕಾಯಿತು.

ತಮ್ಮ ಪುಣೆಯ ಕಥೆ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ಅಲ್ಲಿನ ರಾಷ್ಟ್ರೀಯ ವೈರಾಣು ಸಂಸ್ಥೆಯ ಎಚ್.ಆರ್. ಭಟ್ ಅವರು ಜರ್ಮನಿಯ ಡೀಟರ್ ಕಾಕ್ ಅವರೊಡನೆ ಸೇರಿ 1994ರಲ್ಲಿ ಕೋಲಾರದ ಎಲೆಮೂಗಿನ ಬಾವಲಿಯನ್ನು ಲೋಕಕ್ಕೆ ಪರಿಚಯಿಸಿದರು. ಇಂದು ಆ ಪ್ರಭೇದ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದು ಗುಹೆಯಲ್ಲಿ ಮಾತ್ರ, ಇನ್ನೂರರ ಆಸುಪಾಸಿನ ಸಂಖ್ಯೆಯಲ್ಲಿ ಉಳಿದಿದೆ. ಸುತ್ತಲಿನ ಬಂಡೆಗಳಲ್ಲಿ ನಡೆದ ಗ್ರಾನೈಟ್ ಗಣಿಗಾರಿಕೆಯೇ ಅದಕ್ಕೆ ದೊಡ್ಡ ಕಂಟಕವಾಗಿತ್ತು. ರೋಗಾಣುಗಳನ್ನು ಹುಡುಕುವ ಸಂಸ್ಥೆಯ ವಿಜ್ಞಾನಿಯೇ ಅಳಿವಿನಂಚಿನ ಬಾವಲಿಯೊಂದನ್ನು ನಮಗೆ ತೋರಿಸಿಕೊಟ್ಟರು ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ರೋಗದ ಅಧ್ಯಯನಕ್ಕೂ ಸಂರಕ್ಷಣೆಗೂ ನಡುವೆ ತಮ್ಮ ಪತ್ರ ಎಳೆದಿರುವ ಗೆರೆ ಈ ಕೆಲಸದಲ್ಲಿ ತೊಡಗಿದವರ ನಡುವೆ ಅಷ್ಟು ಸ್ಪಷ್ಟವಾಗಿಲ್ಲ.

ರೋಗದ ಭಯ ನಿರಾಧಾರವೆಂದು ನಾವು ಹೇಳುವುದಿಲ್ಲ. 2018ರಲ್ಲಿ ಕೋಯಿಕ್ಕೋಡ್‌ನಲ್ಲಿ ನಿಫಾ ಜೀವಗಳನ್ನು ಬಲಿ ತೆಗೆದುಕೊಂಡಿತು. ಮಹಾಬಳೇಶ್ವರದ ಗುಹೆಯೊಂದರಲ್ಲಿ 2020ರಲ್ಲಿ ಹಿಡಿದು ಪರೀಕ್ಷಿಸಿದ ಬಾವಲಿಗಳಲ್ಲಿ ನಿಫಾ ಸೋಂಕಿನ ಕುರುಹುಗಳನ್ನು ಕಂಡುಹಿಡಿದದ್ದೂ ತಮ್ಮ ಊರಿನ ಸಂಸ್ಥೆಯೇ. ಆದರೆ ಬಾವಲಿಗಳನ್ನು ಓಡಿಸಿದರೆ ರೋಗವೂ ಓಡುತ್ತದೆಯೇ? ಉಗಾಂಡದ ಕಿಟಾಕ ಗಣಿಯಲ್ಲಿ 2007ರಲ್ಲಿ ಕಾರ್ಮಿಕರಿಗೆ ಮಾರ್ಬರ್ಗ್ ಎಂಬ ಮಾರಕ ವೈರಾಣು ಜ್ವರ ತಗುಲಿದ ಮೇಲೆ ಅಲ್ಲಿನ ಹಣ್ಣುಬಾವಲಿಗಳನ್ನು ನಿರ್ನಾಮ ಮಾಡಲಾಯಿತು. ಕೆಲವು ವರ್ಷಗಳಲ್ಲಿ ಹೊಸ ಬಾವಲಿಗಳು ಬಂದು ಅದೇ ಗಣಿಯಲ್ಲಿ ನೆಲೆಸಿದವು. 2012ರಲ್ಲಿ ಪರೀಕ್ಷಿಸಿದಾಗ ಅವುಗಳಲ್ಲಿ ಸೋಂಕಿನ ಪ್ರಮಾಣ ಮೊದಲಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಗಿತ್ತು, ಆ ಸೀಮೆಯಲ್ಲಿ ರೋಗವೂ ಮತ್ತೆ ತಲೆಯೆತ್ತಿತ್ತು. ಆಫ್ರಿಕದ ಗಣಿಯ ಈ ಪಾಠ ಪುಣೆಯ ಸೊಸೈಟಿಯೊಂದರ ಸಭೆಗೆ ಬೇಕಾಗಿದೆ ಎಂದರೆ, ಇಂಥ ವಿದ್ವಾಂಸರು ಒಂದೆಡೆ ಸೇರುವ ಪುರುಷಾರ್ಥ ಏನೆಂಬುದಕ್ಕೆ ಅರ್ಧ ಉತ್ತರ ಸಿಕ್ಕಂತೆ.

ಉಳಿದರ್ಧ ಬಾವಲಿಗಳ ಸ್ವಭಾವದಲ್ಲಿದೆ. ಸಾವಿರದ ನಾನೂರಕ್ಕೂ ಮಿಕ್ಕ ಪ್ರಭೇದಗಳು, ರಾತ್ರಿಯ ಹಾರಾಟ, ನಮ್ಮ ಕಿವಿಗೆ ಎಟುಕದ ಕೂಗು. ಯಾವ ಒಂದು ದೇಶದ ತಜ್ಞರೂ ಇಷ್ಟನ್ನು ತಾವಾಗಿಯೇ ಅರಿಯುವುದು ಸಾಧ್ಯವಿಲ್ಲ. ಗೋವೆಯ ಗಡಿಗೆ ಹತ್ತಿರದ, ಖಾನಾಪುರ ತಾಲ್ಲೂಕಿನ ಬಾರಾಪೆಡೆ ಗುಹೆಯ ರಾಟನ್ ಬಾವಲಿ ಎಂಬ ಪ್ರಭೇದ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲವೆಂದೇ ದಶಕಗಳ ಕಾಲ ನಂಬಲಾಗಿತ್ತು. ಆಮೇಲೆ ಅದು ಮೇಘಾಲಯದಲ್ಲೂ ಕಾಂಬೋಡಿಯದಲ್ಲೂ ಕಂಡುಬಂತು. 1968ರಲ್ಲಿ ಅಂದಿನ ಚೆಕೊಸ್ಲೊವಾಕಿಯದಲ್ಲಿ ಆರಂಭವಾದ ಈ ಸಮ್ಮೇಳನ 1992ರಲ್ಲಿ ಮಧುರೈಗೂ ಬಂದಿತ್ತು. ಅಲ್ಲಿನ ಎಂ.ಕೆ. ಚಂದ್ರಶೇಖರನ್ ಮತ್ತು ಅವರ ಸಂಗಡಿಗರು ಕತ್ತಲ ಗುಹೆಯ ಬಾವಲಿಗಳ ದೇಹದ ಗಡಿಯಾರವನ್ನು ಅಭ್ಯಾಸ ಮಾಡಿ ಹೆಸರಾಗಿದ್ದರು. ಗುಹೆಯೊಳಗೆ ಪಂಜರದಲ್ಲಿಟ್ಟ ಒಂಟಿ ಬಾವಲಿ, ಬೆಳಕನ್ನೇ ಕಾಣದಿದ್ದರೂ, ಹೊರಗೆ ಹೋಗಿಬರುವ ತನ್ನ ಬಳಗದ ಸದ್ದುಗದ್ದಲದಿಂದಲೇ ಹೊತ್ತನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಳಗವಿಲ್ಲದ ಗುಹೆಯಲ್ಲಿ ಅದರ ಹೊತ್ತು ದಿನದಿನಕ್ಕೂ ಜಾರುತ್ತ ಹೋಗುತ್ತದೆ ಎಂದು ಅವರು ತೋರಿಸಿದರು. ಇಂಥ ಕೆಲಸಕ್ಕೆ ದುಬಾರಿ ಯಂತ್ರಗಳಿಗಿಂತ ತಾಳ್ಮೆ ಹೆಚ್ಚು ಬೇಕು. ನಮ್ಮವರಿಗೆ ಅದರ ಕೊರತೆಯಿಲ್ಲ, ಅನುದಾನದ ಕೊರತೆಯಿರಬಹುದು.

ಹಣ್ಣುಬಾವಲಿಗಳ ಉಪಕಾರವನ್ನು ಊರಿನಲ್ಲಿ ಅಡಿಕೆ ತೋಟವಿರುವವರಿಗೆ ಹೇಳಬೇಕಾಗಿಲ್ಲ. ರಾತ್ರಿ ಬಾವಲಿ ಸಿಪ್ಪೆ ಚೀಪಿ ಉದುರಿಸಿದ ಗೋಟನ್ನು ಬೆಳಗ್ಗೆ ಹೆಕ್ಕಿದ ಕೈಗಳು ನಮ್ಮ ಓದುಗರಲ್ಲಿ ಬಹಳ ಇವೆ. ಆಲ, ಅತ್ತಿಗಳ ಬೀಜ ಬಿತ್ತುವುದೂ ಹಿಪ್ಪೆಯ ಪರಾಗ ಸಾಗಿಸುವುದೂ ಅವುಗಳದೇ ದುಡಿಮೆ. ಹಾಗಿದ್ದರೂ ನಮ್ಮ ವನ್ಯಜೀವಿ ಕಾಯ್ದೆ ಅವುಗಳನ್ನು ಕಾಗೆ, ಇಲಿಗಳ ಜೊತೆ ಉಪದ್ರವಿ ಪ್ರಾಣಿಗಳ ಪಟ್ಟಿಯಲ್ಲಿಟ್ಟಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ಕೈಬಿಡಲಾಯಿತು. ತೀರ ತಡವಾಯಿತು ಎಂಬುದು ನಮ್ಮ ಅಭಿಪ್ರಾಯ.

ಇನ್ನು ತಮ್ಮ ಅರಳಿಮರ. ಮಹಾರಾಷ್ಟ್ರದ 1975ರ ನಗರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಪ್ರಾಧಿಕಾರದ ಅನುಮತಿಯಿಲ್ಲದೆ ಅದನ್ನು ಕಡಿಸುವಂತಿಲ್ಲ. ಸಭೆಯ ನಡಾವಳಿಯಲ್ಲಿ ಠರಾವು ಬರೆಯುವ ಮೊದಲು ಇದನ್ನು ಕಾರ್ಯದರ್ಶಿಗಳ ಗಮನಕ್ಕೆ ತರಬೇಕು. ಮರದಡಿ ಬಿದ್ದ ಕಚ್ಚಿದ ಹಣ್ಣನ್ನು ಮಕ್ಕಳು ತಿನ್ನದಂತೆ ನೋಡಿಕೊಳ್ಳಿ. ಹಿಕ್ಕೆಯನ್ನು ಒಣಗಿದಾಗ ಗುಡಿಸಿ ಧೂಳೆಬ್ಬಿಸದೆ ನೀರು ಹಾಕಿ ತೊಳೆಯಿಸಿ, ಕಾರುಗಳನ್ನು ಬೇರೆಡೆ ನಿಲ್ಲಿಸಿ. ಬಾವಲಿ ಕೆಳಗೆ ಬಿದ್ದಿದ್ದರೆ ಯಾರೂ ಬರಿಗೈಯಲ್ಲಿ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಈ ಉತ್ತರವನ್ನು ಮರಾಠಿಗೆ ಅನುವಾದಿಸಿ ಸೊಸೈಟಿಯ ಫಲಕದಲ್ಲಿ ಹಾಕಲು ತಾವು ಬಯಸಿದರೆ ನಮ್ಮ ಒಪ್ಪಿಗೆ ಇದೆ. ಸಭೆಯಲ್ಲಿ ಯಾರಾದರೂ ಎದುರುವಾದ ಹೂಡಿದರೆ ಅದನ್ನೂ ಬರೆದು ಕಳುಹಿಸಿ, ಪ್ರಕಟಿಸುತ್ತೇವೆ.

— ಸಂಪಾದಕ