ಸೋಲು ಗೊತ್ತಿದ್ದೂ ಯಾಕೆ ನಿಲ್ಲಬೇಕು?

ಅಮೆರಿಕದ ಯೂಟಾ ರಾಜ್ಯದ ಲೀಹೈ ಊರಿನಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರಿಗೆ ಈಚೆಗೆ ಅಲ್ಲಿನ ಪೌರತ್ವ ಸಿಕ್ಕಿದೆ. ಮಗಳಿಗೆ 18 ತುಂಬಿದೆ. ತಾಯಿ ಮಗಳು ಇಬ್ಬರಿಗೂ ಇದು ಮೊದಲ ಮತ. ಅವರು ಕೇಳಿರುವುದು ಇಷ್ಟು: "ಇಲ್ಲಿ ಡೆಮಾಕ್ರಾಟರು ಗೆಲ್ಲುವುದೇ ಇಲ್ಲ. ಅವರ ಪರವಾಗಿ ನಮ್ಮ ಮನೆ ಬಾಗಿಲಿಗೆ ಯಾರೂ ಬಂದಿಲ್ಲ. ಪರಿಚಯದವರು, ‘ರಿಪಬ್ಲಿಕನ್ ಅಂತ ನೋಂದಾಯಿಸಿಕೊಂಡು ಅವರ ಪ್ರೈಮರಿಯಲ್ಲೇ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲೇ) ಮತ ಹಾಕಿ, ನಿಜವಾದ ಚುನಾವಣೆ ಅದೇ’ ಅನ್ನುತ್ತಾರೆ. ಮಗಳು ಒಪ್ಪುತ್ತಿಲ್ಲ. ಸೋಲು ಖಾತ್ರಿ ಇದ್ದ ಮೇಲೆ ಆ ಪಕ್ಷ ಸುಮ್ನೆ ಯಾಕೆ ನಿಲ್ಲಬೇಕು?"

ಪ್ರಿಯ ಓದುಗರೇ,

ನಿಮ್ಮ ಪರಿಚಯದವರು ಹೇಳಿದ ಲೆಕ್ಕ ಸುಳ್ಳಲ್ಲ. ಯೂಟಾದಲ್ಲಿ ಡೆಮಾಕ್ರಾಟ್ ಅಧ್ಯಕ್ಷ ಅಭ್ಯರ್ಥಿ ಕೊನೆಯ ಸಲ ಗೆದ್ದಿದ್ದು 1964ರಲ್ಲಿ, ಲಿಂಡನ್ ಜಾನ್ಸನ್ ಕಾಲಕ್ಕೆ. 1985ರ ಜನವರಿಯಿಂದ ಅಲ್ಲಿ ಡೆಮಾಕ್ರಾಟ್ ಗವರ್ನರ್ ಇಲ್ಲ. 2024ರ ಚುನಾವಣೆಯಲ್ಲಿ ರಾಜ್ಯದ ಕೆಳಮನೆಯ 75 ಸ್ಥಾನಗಳಲ್ಲಿ ಅವರಿಗೆ ಸಿಕ್ಕಿದ್ದು 14. ಸೆನೆಟಿನ 29ರಲ್ಲಿ ಅವರ ಬಲ 6. ಮೂರನೇ ಎರಡಕ್ಕಿಂತ ಜಾಸ್ತಿ ಬಲ ಒಂದೇ ಪಕ್ಷದ ಕೈಯಲ್ಲಿದ್ದರೆ ಗವರ್ನರ್ ವೀಟೊ ಹಾಕಿದರೂ ಅದನ್ನು ತಳ್ಳಿಹಾಕಬಹುದು. 2022ರಲ್ಲಿ ರಿಪಬ್ಲಿಕನ್ ಶಾಸಕರು ತಮ್ಮದೇ ಪಕ್ಷದ ಗವರ್ನರ್ ಸ್ಪೆನ್ಸರ್ ಕಾಕ್ಸ್ ಅವರ ವೀಟೊವನ್ನು ಹಾಗೆ ತಳ್ಳಿಹಾಕಿದರು. ವರ್ಷಕ್ಕೆ 45 ದಿನ ನಡೆಯುವ ಅಧಿವೇಶನದಲ್ಲಿ ಆ 20 ಜನ ಮಾಡಬಹುದಾದ್ದು ಕಡಿಮೆ. ಮಸೂದೆ ಮುಂದೆ ಹೋಗಬೇಕಾದರೆ ಆ ಕಡೆಯವರ ಕೈ ಹಿಡಿಯಲೇಬೇಕು.

ಆದರೆ ಯೂಟಾ ಹುಟ್ಟಿದಾಗಿನಿಂದ ಹೀಗಿರಲಿಲ್ಲ. ಇದನ್ನು ನಿಮ್ಮ ಮಗಳಿಗೆ ಖಂಡಿತ ಹೇಳಿ. 1890ರ ದಶಕದಲ್ಲಿ ರಾಜ್ಯದ ಸ್ಥಾನಮಾನ ಪಡೆಯಲು, ಆಗಿನ ಯೂಟಾದ ಬಹುಪಾಲು ಜನರ ಧರ್ಮಸಂಸ್ಥೆಯಾಗಿದ್ದ ಮಾರ್ಮನ್ ಚರ್ಚು ತನ್ನದೇ ಪಕ್ಷವನ್ನು ಮುಚ್ಚಿ, ಜನರು ರಾಷ್ಟ್ರದ ಎರಡೂ ಪಕ್ಷಗಳಿಗೆ ಹಂಚಿಹೋಗುವಂತೆ ಪ್ರೋತ್ಸಾಹಿಸಿತ್ತು. 1896ರಲ್ಲಿ ಡೆಮಾಕ್ರಾಟ್ ಅಧ್ಯಕ್ಷ ಅಭ್ಯರ್ಥಿ ಬ್ರಯಾನ್‌ಗೆ ಅಲ್ಲಿ ಶೇ. 80ಕ್ಕೂ ಮೀರಿ ಮತ ಬಿತ್ತು. ಅದೇ ವರ್ಷ ಡಾಕ್ಟರ್ ಮಾರ್ಥಾ ಹ್ಯೂಸ್ ಕ್ಯಾನನ್ ಡೆಮಾಕ್ರಾಟ್ ಆಗಿ ನಿಂತು ಗೆದ್ದರು. ಇಡೀ ಅಮೆರಿಕದಲ್ಲೇ ರಾಜ್ಯ ಸೆನೆಟಿಗೆ ಆಯ್ಕೆಯಾದ ಮೊದಲ ಮಹಿಳೆ ಅವರು. ಸೋತ ರಿಪಬ್ಲಿಕನ್ ಅಭ್ಯರ್ಥಿಗಳಲ್ಲಿ ಅವರ ಗಂಡನೂ ಇದ್ದರು! 1965ರಿಂದ 1985ರವರೆಗೆ, ಸತತ 20 ವರ್ಷ, ಗವರ್ನರ್ ಕುರ್ಚಿ ಡೆಮಾಕ್ರಾಟರದ್ದೇ ಆಗಿತ್ತು. ಚರ್ಚಿನ ಅತ್ಯುನ್ನತ ಮೂವರಲ್ಲಿ ಒಬ್ಬರಾಗಿದ್ದ ಜೇಮ್ಸ್ ಫೌಸ್ಟ್ ತರುಣರಾಗಿದ್ದಾಗ ಡೆಮಾಕ್ರಾಟ್ ಶಾಸಕರಾಗಿದ್ದವರು. ಹಾಗಾಗಿ "ಧರ್ಮವಂತರ ರಾಜ್ಯ, ಅಲ್ಲಿ ಈ ಪಕ್ಷಕ್ಕೆ ಜಾಗವಿಲ್ಲ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಮತ್ತೆ ಏನಾಯಿತು? ಗರ್ಭಪಾತ, ಮಹಿಳೆಯರ ಸಮಾನ ಹಕ್ಕಿನ ತಿದ್ದುಪಡಿ ಇಂಥ ವಿಷಯಗಳಲ್ಲಿ 1970ರ ದಶಕದಿಂದ ರಾಷ್ಟ್ರೀಯ ಪಕ್ಷ ಒಂದು ದಾರಿ ಹಿಡಿಯಿತು, ಯೂಟಾದ ಮತದಾರ ಇನ್ನೊಂದು ದಾರಿ ಹಿಡಿದ. 1976ರಲ್ಲಿ ಅಮೆರಿಕದ ಸೆನೆಟಿನಲ್ಲಿದ್ದ ಡೆಮಾಕ್ರಾಟ್ ಫ್ರ್ಯಾಂಕ್ ಮಾಸ್ ಅವರನ್ನು ರಿಪಬ್ಲಿಕನ್ ಓರಿನ್ ಹ್ಯಾಚ್ ಸೋಲಿಸಿದರು, ಆಮೇಲೆ 42 ವರ್ಷ ಅಲ್ಲಿಂದ ಕದಲಲಿಲ್ಲ. 1992ರಲ್ಲಿ ದೇಶವನ್ನು ಗೆದ್ದ ಬಿಲ್ ಕ್ಲಿಂಟನ್ ಯೂಟಾದಲ್ಲಿ ಮೂರನೇ ಸ್ಥಾನಕ್ಕೆ ಬಂದರು.

ಬಿಲ್ ಆರ್ಟನ್ ಅವರ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರೋವೊ ಸುತ್ತಲಿನ ಕ್ಷೇತ್ರದಿಂದ, ಅಂದರೆ ನಿಮ್ಮ ಕಡೆಯ, ದೇಶದಲ್ಲೇ ಕಟ್ಟಾ ಸಂಪ್ರದಾಯವಾದಿ ಅನ್ನಿಸಿಕೊಂಡ ಕ್ಷೇತ್ರದಿಂದ, ಆರ್ಟನ್ 1990ರಲ್ಲಿ ಡೆಮಾಕ್ರಾಟ್ ಆಗಿ ನಿಂತು ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಗೆದ್ದರು. ಮತ್ತೆರಡು ಸಲವೂ ಗೆದ್ದರು. 1996ರ ಸೆಪ್ಟೆಂಬರ್‌ನಲ್ಲಿ, ಚುನಾವಣೆಗೆ ಎರಡು ತಿಂಗಳೂ ಇಲ್ಲದಾಗ, ಕ್ಲಿಂಟನ್ ದಕ್ಷಿಣ ಯೂಟಾದ ಸುಮಾರು 17 ಲಕ್ಷ ಎಕರೆ ನೆಲವನ್ನು ಗ್ರ್ಯಾಂಡ್ ಸ್ಟೇರ್‌ಕೇಸ್ ಎಸ್ಕಲಾಂಟೆ ರಾಷ್ಟ್ರೀಯ ಸ್ಮಾರಕ, ಅಂದರೆ ಸಂರಕ್ಷಿತ ಪ್ರದೇಶ, ಎಂದು ಘೋಷಿಸಿದರು. ಘೋಷಣೆ ಮಾಡಿದ್ದು ಯೂಟಾದ ನೆಲದಲ್ಲೂ ಅಲ್ಲ, ಪಕ್ಕದ ಅರಿಜೋನಾದ ಗ್ರ್ಯಾಂಡ್ ಕ್ಯಾನಿಯನ್ ಅಂಚಿನಲ್ಲಿ ನಿಂತು. ಕಲ್ಲಿದ್ದಲು ಗಣಿ ಬರುತ್ತದೆ, ಕೆಲಸ ಸಿಗುತ್ತದೆ ಎಂದು ಕಾಯುತ್ತಿದ್ದ ಊರುಗಳ ಜನ ಸಿಟ್ಟಾದರು. ಆ ನೆಲವನ್ನು ಕಾಪಾಡಿದ್ದು ಒಳ್ಳೆಯದೇ ಆಯಿತು ಎಂದು ನಾನು ನಂಬುತ್ತೇನೆ. ಆದರೆ ಅದರ ಬೆಲೆ ತೆತ್ತವರು ಆರ್ಟನ್. ಆ ನಿರ್ಧಾರವನ್ನು ಅವರು ವಿರೋಧಿಸಿದ್ದರು. ಆದರೂ ನವೆಂಬರ್‌ನಲ್ಲಿ ಸೋತರು. ಅವರ ಹೆಸರಿನ ಮುಂದೆ ಇದ್ದ ಪಕ್ಷದ ಹೆಸರು ಸಾಕಾಯಿತು.

ಅಲ್ಪಸಂಖ್ಯಾತ ಪಕ್ಷದ ದೊಡ್ಡ ಕಷ್ಟ ಇದೇ. ಸ್ಥಳೀಯ ಅಭ್ಯರ್ಥಿ ಶಾಲೆ, ನೀರು, ಬತ್ತುತ್ತಿರುವ ಗ್ರೇಟ್ ಸಾಲ್ಟ್ ಲೇಕ್ ಬಗ್ಗೆ ಮಾತಾಡಲು ಹೊರಟರೆ, ಬಾಗಿಲು ತೆರೆದವರು ವಾಷಿಂಗ್ಟನ್ ಬಗ್ಗೆ ಜಗಳ ಶುರುಮಾಡುತ್ತಾರೆ. ದುಡ್ಡು ಕೊಡುವವರು ಗೆಲ್ಲುವ ರಾಜ್ಯಗಳ ಕಡೆ ನೋಡುತ್ತಾರೆ. ಎಷ್ಟೋ ಕ್ಷೇತ್ರಗಳಲ್ಲಿ ನಿಲ್ಲಲು ಜನರೇ ಸಿಗುವುದಿಲ್ಲ. ಮನೆ ಪಕ್ಕದವರು, ಚರ್ಚಿನವರು, ಮಕ್ಕಳ ಸ್ನೇಹಿತರ ಅಪ್ಪ ಅಮ್ಮ ಎಲ್ಲ ಆ ಕಡೆ ಇದ್ದಾಗ ಅಂಗಳದಲ್ಲಿ ಒಂದು ಬೋರ್ಡು ನೆಡಲಿಕ್ಕೂ ಧೈರ್ಯ ಬೇಕು. ನಿಮ್ಮ ಬಾಗಿಲಿಗೆ ಯಾರೂ ಬರದಿದ್ದಕ್ಕೆ ಕಾರಣ ಉದಾಸೀನ ಮಾತ್ರ ಅಂದುಕೊಳ್ಳಬೇಡಿ. ಡೆಮಾಕ್ರಾಟರ ಕೋಟೆಯಾದ ಹವಾಯಿಯ ರಿಪಬ್ಲಿಕನ್ನರನ್ನು ಕೇಳಿದರೂ ಇದೇ ಪಾಡು ಹೇಳಿಯಾರು.

ಹಾಗಾದರೆ ಪಕ್ಷ ಹಿಂದೆ ಸರಿದು ಜಾಗ ಬಿಟ್ಟುಕೊಟ್ಟರೆ? ಅದನ್ನೂ ಮಾಡಿ ನೋಡಿದ್ದಾರೆ. 2022ರಲ್ಲಿ ರಿಪಬ್ಲಿಕನ್ ಸೆನೆಟರ್ ಮೈಕ್ ಲೀ ವಿರುದ್ಧ ಯೂಟಾ ಡೆಮಾಕ್ರಾಟರು ತಮ್ಮ ಅಭ್ಯರ್ಥಿಯನ್ನೇ ಹಾಕಲಿಲ್ಲ. ಪಕ್ಷದ ಸಮಾವೇಶದಲ್ಲೇ ಮತ ಹಾಕಿ, ಮೊದಲು ರಿಪಬ್ಲಿಕನ್ ಆಗಿದ್ದ ಪಕ್ಷೇತರ ಇವಾನ್ ಮೆಕ್‌ಮಲಿನ್ ಅವರನ್ನು ಬೆಂಬಲಿಸಿದರು. ಲೀ ಸುಮಾರು ಶೇ. 53, ಮೆಕ್‌ಮಲಿನ್ ಸುಮಾರು ಶೇ. 43. ದಶಕಗಳಲ್ಲೇ ಅಲ್ಲಿ ಸೆನೆಟಿಗೆ ನಡೆದ ಬಿಗಿ ಸ್ಪರ್ಧೆ ಅದು. ಅಂಕಿ ನೋಡಿದರೆ ಪ್ರಯೋಗ ಸರಿ ಅನ್ನಿಸುತ್ತದೆ. ನನಗೆ ಹಾಗೆ ಅನ್ನಿಸಿಲ್ಲ. ಪಕ್ಷೇತರ ಸೋತ ಮರುದಿನ ಆ ಶೇ. 43 ಜನರನ್ನು ಕೂಡಿಸಿಕೊಳ್ಳಲು ಒಂದು ಕಚೇರಿ, ಒಂದು ಸಭೆ, ಕೌಂಟಿ (ಜಿಲ್ಲೆ) ಮಟ್ಟದ ಒಬ್ಬ ಕಾರ್ಯಕರ್ತ ಯಾವುದೂ ಉಳಿಯುವುದಿಲ್ಲ. ಸೋತ ಪಕ್ಷಕ್ಕೆ ಅದೆಲ್ಲ ಉಳಿಯುತ್ತದೆ.

ಈಗ ನಿಮ್ಮ ಪತ್ರದ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಯೂಟಾದ ರಿಪಬ್ಲಿಕನ್ ಪ್ರೈಮರಿಯಲ್ಲಿ ನೋಂದಾಯಿತ ರಿಪಬ್ಲಿಕನ್ನರಿಗೆ ಮಾತ್ರ ಮತ. 2020ರಲ್ಲಿ ಕಾಕ್ಸ್ ಮತ್ತು ಜಾನ್ ಹಂಟ್ಸ್‌ಮನ್ ಗವರ್ನರ್ ಹುದ್ದೆಗೆ ಸೆಣಸಿದಾಗ ಎಷ್ಟೋ ಡೆಮಾಕ್ರಾಟರು ಪಕ್ಷ ಬದಲಿಸಿಕೊಂಡು ಹೋಗಿ ಮತ ಹಾಕಿದರು. ಅದು ಕಾನೂನುಬದ್ಧ, ಮೋಸವಲ್ಲ. ಅದರ ಬೆನ್ನಿಗೇ, 2021ರಲ್ಲಿ, ಶಾಸನಸಭೆ ಪಕ್ಷ ಬದಲಿಸುವ ಗಡುವನ್ನು ತಿಂಗಳುಗಳಷ್ಟು ಹಿಂದಕ್ಕೆ ಎಳೆಯಿತು. ಹಾಗೆ ಹೋದವರನ್ನು ನಾನು ದೂರುವುದಿಲ್ಲ. ಇಬ್ಬರಲ್ಲಿ ವಾಸಿ ಅನ್ನಿಸಿದವರನ್ನು ಆರಿಸುವುದೂ ಮತದಾರನ ಹಕ್ಕೇ ಅಲ್ವಾ? ಆದರೆ ಹೀಗೆ ಹೋದ ಪ್ರತಿಯೊಂದು ಹೆಸರೂ ಡೆಮಾಕ್ರಾಟರ ಪಟ್ಟಿಯಿಂದ ಕಳೆಯುತ್ತದೆ. ಮನೆ ಮನೆಗೆ ಹೋಗುವವರು ಹಿಡಿದುಕೊಳ್ಳುವುದು ಆ ಪಟ್ಟಿಯನ್ನೇ. ನಿಮ್ಮ ಹೆಸರು ಅದರಲ್ಲಿ ಇಲ್ಲದಿದ್ದರೆ ನಿಮ್ಮ ಬಾಗಿಲಿಗೆ ಯಾಕೆ ಬರುತ್ತಾರೆ?

ನಮ್ಮಲ್ಲಿ ಒಟ್ಟು ಮತದ ಆರನೇ ಒಂದು ಭಾಗ ಬರದಿದ್ದರೆ ಠೇವಣಿ ಹೋಗುತ್ತದೆ. ಅದನ್ನು ಮರ್ಯಾದೆ ಹೋದಂತೆ ನೋಡುವುದು ನಮಗೆ ರೂಢಿ. ಯೂಟಾದಲ್ಲಿ ಸೋತ ಅಭ್ಯರ್ಥಿಗಳನ್ನು ನಾನು ಹಾಗೆ ನೋಡಲಾರೆ. 2012ರಲ್ಲಿ ಜಿಮ್ ಮ್ಯಾಥಿಸನ್ ಅಲ್ಲಿನ ಕಾಂಗ್ರೆಸ್ ಸ್ಥಾನವನ್ನು 768 ಮತಗಳಿಂದ ಉಳಿಸಿಕೊಂಡರು. 2018ರಲ್ಲಿ ಬೆನ್ ಮೆಕ್ಯಾಡಮ್ಸ್ 694 ಮತಗಳಿಂದ ಗೆದ್ದರು. ಎರಡು ವರ್ಷಕ್ಕೆ ಸುಮಾರು ಶೇ. 1ರ ಅಂತರದಲ್ಲಿ ಕಳೆದುಕೊಂಡರು. ಇಂಥ ಅಂತರಗಳು ಹುಟ್ಟುವುದು ಯಾರೋ ವರ್ಷಗಟ್ಟಲೆ ಸೋಲುತ್ತಲೇ ಮನೆ ಮನೆ ಸುತ್ತಿದ್ದರಿಂದ.

ಅದೇ 2018ರಲ್ಲಿ ಇನ್ನೂ ದೊಡ್ಡದೊಂದು ನಡೆಯಿತು. ಮತಪತ್ರದಲ್ಲಿ ಮೂರು ಜನಮತ ಪ್ರಶ್ನೆಗಳಿದ್ದವು: ಔಷಧಿಗೆ ಗಾಂಜಾ, ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್ ವಿಸ್ತರಣೆ, ಕ್ಷೇತ್ರ ಮರುವಿಂಗಡಣೆಗೆ ಸ್ವತಂತ್ರ ಆಯೋಗ. ಮೂರೂ ಗೆದ್ದವು. ಡೆಮಾಕ್ರಾಟ್ ಅಂದರೆ ಮುಖ ತಿರುಗಿಸುವ ರಾಜ್ಯವೇ, ಡೆಮಾಕ್ರಾಟರು ಹೇಳುತ್ತಿದ್ದ ಮಾತಿಗೆ ಹೌದು ಅಂದಿತು. ಶಾಸನಸಭೆ ಮೂರನ್ನೂ ತಿದ್ದಿತು. ಆಯೋಗವನ್ನು 2020ರಲ್ಲಿ ಬರೀ ಸಲಹೆ ಕೊಡುವ ಮಂಡಳಿ ಮಾಡಿತು. 2021ರಲ್ಲಿ ಶಾಸಕರು ತಾವೇ ನಕ್ಷೆ ಬರೆದರು. ನಮ್ಮ ದೇಶದಲ್ಲಿ ಈ ಕೆಲಸ ಶಾಸಕರ ಕೈಯಲ್ಲಿಲ್ಲ, ಡಿಲಿಮಿಟೇಶನ್ ಆಯೋಗ ಮಾಡುತ್ತದೆ. ಯೂಟಾದಲ್ಲಿ ಆಟ ಆಡುವವರೇ ಗೆರೆ ಎಳೆದರು. ರಾಜ್ಯದ ಮೂರರಲ್ಲೊಂದು ಭಾಗ ಜನ ಇರುವ ಸಾಲ್ಟ್ ಲೇಕ್ ಕೌಂಟಿಯನ್ನು ಪಿಜ್ಜಾದಂತೆ ನಾಲ್ಕು ಹೋಳು ಮಾಡಿ, ಒಂದೊಂದನ್ನು ದೂರದ ಹಳ್ಳಿಗಾಡಿಗೆ ಅಂಟಿಸಿದರು. 1976ರಿಂದ ಡೆಮಾಕ್ರಾಟ್ ಮೇಯರುಗಳನ್ನೇ ಆರಿಸುತ್ತ ಬಂದ ರಾಜಧಾನಿ ಸಾಲ್ಟ್ ಲೇಕ್ ಸಿಟಿಗೆ ಕಾಂಗ್ರೆಸ್‌ನಲ್ಲಿ ತನ್ನದೆನ್ನುವ ಸ್ಥಾನ ಇಲ್ಲವಾಯಿತು.

ಕೋರ್ಟಿಗೆ ಹೋದದ್ದು ಪಕ್ಷವಲ್ಲ. ಮಹಿಳಾ ಮತದಾರರ ಲೀಗ್, ‘ನೈತಿಕ ಆಡಳಿತಕ್ಕಾಗಿ ಮಾರ್ಮನ್ ಮಹಿಳೆಯರು’ ಎಂಬ ಸಂಘಟನೆ, ಜೊತೆಗೆ ಕೆಲವು ನಾಗರಿಕರು. ಸರ್ಕಾರವನ್ನು ಸುಧಾರಿಸಲು ಜನ ಮಾಡಿದ ಕಾನೂನನ್ನು ಶಾಸಕರು ಸುಮ್ಮನೆ ಕಿತ್ತುಹಾಕುವಂತಿಲ್ಲ ಎಂದು 2024ರ ಜುಲೈನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಶಾಸಕರು ತರಾತುರಿಯಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತರಲು ಹೊರಟರು. ಅದೂ ಕೋರ್ಟಿನಲ್ಲಿ ಬಿದ್ದುಹೋಯಿತು. ಮತಪತ್ರದಲ್ಲಿ ಬರೆದ ವಾಕ್ಯ ದಾರಿ ತಪ್ಪಿಸುವಂತಿತ್ತು, ಮತ್ತು ಸಂವಿಧಾನ ಹೇಳಿದಂತೆ ಅದನ್ನು ಪತ್ರಿಕೆಗಳಲ್ಲಿ ಪ್ರಕಟಿಸಿರಲಿಲ್ಲ. ಪತ್ರಿಕೆಯಲ್ಲಿ ಅಚ್ಚಾಗದ್ದು ಜನರಿಗೆ ತಿಳಿಸಿದಂತಲ್ಲ ಎಂದು ಒಂದು ಕೋರ್ಟು ಇಂದಿಗೂ ನಂಬುತ್ತದಲ್ಲ, ಈ ಕೆಲಸದಲ್ಲಿರುವ ನನಗೆ ಅದು ತುಂಬ ಸಮಾಧಾನ ಕೊಟ್ಟಿತು. 2025ರ ನವೆಂಬರ್‌ನಲ್ಲಿ ನ್ಯಾಯಾಧೀಶೆ ಡಯಾನಾ ಗಿಬ್ಸನ್, 2021ರ ನಕ್ಷೆ ಬಿದ್ದ ಮೇಲೆ ಶಾಸಕರು ಬರೆದ ಹೊಸ ನಕ್ಷೆಯನ್ನೂ ಒಪ್ಪದೆ, ಅರ್ಜಿದಾರರು ಕೊಟ್ಟ ನಕ್ಷೆಯನ್ನು ಆರಿಸಿದರು. ಅದರಲ್ಲಿ ಸಾಲ್ಟ್ ಲೇಕ್ ಸುತ್ತ ಡೆಮಾಕ್ರಾಟರು ಗೆಲ್ಲಬಹುದಾದ ಒಂದು ಕ್ಷೇತ್ರವಿದೆ. ರಿಪಬ್ಲಿಕನ್ ನಾಯಕರು ಅದನ್ನು ಬಲವಾಗಿ ವಿರೋಧಿಸಿದರು. 2018ರ ಆ ಜನಮತವನ್ನೇ ರದ್ದು ಮಾಡಲು ಸಹಿ ಸಂಗ್ರಹವೂ ಶುರುವಾಯಿತು.

2023ರಲ್ಲಿ ಮಾರ್ಮನ್ ಚರ್ಚಿನ ಮುಖ್ಯಸ್ಥರು ತಮ್ಮ ಜನರಿಗೆ ಒಂದು ಪತ್ರ ಬರೆದಿದ್ದರು. ಅಭ್ಯರ್ಥಿಗಳನ್ನು ತಿಳಿದುಕೊಳ್ಳದೆ, ರೂಢಿಯಂತೆ ಒಂದೇ ಪಕ್ಷಕ್ಕೆ ಮತ ಹಾಕುತ್ತ ಹೋಗುವುದು ಪ್ರಜಾಪ್ರಭುತ್ವಕ್ಕೆ ಅಪಾಯ ಎಂಬುದು ಅದರ ತಿರುಳು. ಆದರೆ ತಿಳಿದುಕೊಳ್ಳಬೇಕಾದರೆ ಎದುರಿಗೆ ಇನ್ನೊಬ್ಬ ಅಭ್ಯರ್ಥಿ ಇರಬೇಕು ತಾನೇ? ಎದುರಾಳಿಯೇ ಇಲ್ಲದ ಶಾಸಕ ಯಾವ ಸಭೆಗೂ ಬರಬೇಕಿಲ್ಲ, ಯಾವ ಪ್ರಶ್ನೆಗೂ ಉತ್ತರಿಸಬೇಕಿಲ್ಲ. ಸೋಲು ಗೊತ್ತಿದ್ದೂ ಯಾಕೆ ನಿಲ್ಲಬೇಕು ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ನಾನು ನಿಮ್ಮ ಮಗಳ ಪರ.

ಅವಳು ಯಾವ ಪಕ್ಷಕ್ಕೂ ಸೇರದೆ ನೋಂದಾಯಿಸಿಕೊಂಡರೂ ಡೆಮಾಕ್ರಾಟರ ಪ್ರೈಮರಿಯಲ್ಲಿ ಮತ ಹಾಕಬಹುದು, ಅದು ಎಲ್ಲರಿಗೂ ತೆರೆದಿದೆ. ನೀವು ರಿಪಬ್ಲಿಕನ್ ಆಗಿ ನೋಂದಾಯಿಸುವುದೇ ಸರಿ ಎಂದು ಕಂಡರೆ ಗಡುವನ್ನು ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಮನೆಗೆ ಬರುವ ಮತಪತ್ರವನ್ನು ಕೊನೆ ದಿನದವರೆಗೆ ಇಟ್ಟುಕೊಳ್ಳಬೇಡಿ. ಮೊದಲು ಹಿಂದಿನ ದಿನದ ಅಂಚೆ ಮುದ್ರೆ ಇದ್ದರೆ ನಡೆಯುತ್ತಿತ್ತು. 2025ರ ಕಾನೂನಿನ ಪ್ರಕಾರ ಚುನಾವಣೆಯ ದಿನ ರಾತ್ರಿ 8 ಗಂಟೆಯೊಳಗೆ ಅದು ಅಧಿಕಾರಿಗಳ ಕೈ ಸೇರಿರಬೇಕು.

– ಸಂಪಾದಕ