ಎಣ್ಣೆ ಬಾವಿಗೂ ಮೊದಲು ಒಂದು ರಬ್ಬರ್ ತೆಪ್ಪ

ಓದುಗರ ಪತ್ರ: "ಹಿಂದಿನ ಸಂಚಿಕೆಯಲ್ಲಿ ಸೀನಿಯರ್ ಬುಷ್ ಅವರನ್ನು ಯೋಧ, ಎಣ್ಣೆ ವ್ಯಾಪಾರಿ, ಸಮಾಜ ಸೇವಕ ಎಂದು ಹೊಗಳಿದ್ದೀರಿ. ಶ್ರೀಮಂತರ ಮಗನಿಗೆ ಇದೆಲ್ಲ ಸುಲಭ ಅಲ್ವಾ? ಸೇವೆ ಮಾಡಿದ್ದೂ ವೋಟಿಗಾಗಿಯೇ ಇರಬೇಕು."

ಸಂಪಾದಕರ ಉತ್ತರ:

ನಿಮ್ಮ ಮೊದಲ ಮಾತನ್ನು ಒಪ್ಪುತ್ತೇನೆ. 1948ರಲ್ಲಿ ಟೆಕ್ಸಾಸಿನ ಒಡೆಸ್ಸಾದಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾರ್ಜ್ ಎಚ್. ಡಬ್ಲ್ಯು. ಬುಷ್ ಅವರಿಗೆ ಕೆಲಸ ಸಿಕ್ಕಿದ್ದು ತಂದೆಯ ಸ್ನೇಹಿತರ ಕಂಪನಿಯಲ್ಲಿ. ಮುಂದೆ ಬಂಡವಾಳ ಕೂಡಿಸಿಕೊಟ್ಟವರು ಸೋದರಮಾವ. ಇದನ್ನು ನಾವು ಬರೆಯಬೇಕಿತ್ತು, ಬಿಟ್ಟದ್ದು ತಪ್ಪು. ಆದರೆ ಶುರುವಿನಲ್ಲಿ ಅವರು ಮಾಡಿದ್ದು ಗೋದಾಮು ಗುಡಿಸುವ, ಪಂಪುಗಳಿಗೆ ಬಣ್ಣ ಬಳಿಯುವ ಕೆಲಸ. 1953ರಲ್ಲಿ ಪಾಲುದಾರರ ಜೊತೆ ಜಪಾಟಾ ಎಂಬ ಎಣ್ಣೆ ಕಂಪನಿ ಕಟ್ಟಿದರು. ಒಂದೇ ಪ್ರದೇಶದಲ್ಲಿ ನೂರಕ್ಕೂ ಜಾಸ್ತಿ ಬಾವಿ ಕೊರೆಸಿದರು, ಎಲ್ಲದರಲ್ಲೂ ಎಣ್ಣೆ ಸಿಕ್ಕಿತು.

ಎರಡನೇ ಮಾತನ್ನು ಮಾತ್ರ ನಾನು ಒಪ್ಪಲಾರೆ. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

1944ರ ಸೆಪ್ಟೆಂಬರ್ 2, ಎರಡನೇ ಮಹಾಯುದ್ಧದ ಕಾಲ. ಬುಷ್‌ಗೆ ಆಗ ಬರೀ 20 ವರ್ಷ. ಜಪಾನಿನ ಚಿಚಿಜಿಮಾ ದ್ವೀಪದ ಮೇಲೆ ಅವರ ವಿಮಾನಕ್ಕೆ ಗುಂಡು ತಗುಲಿ ಬೆಂಕಿ ಹತ್ತಿತು. ಆದರೂ ಬಾಂಬ್ ಹಾಕಿಯೇ ಸಮುದ್ರದ ಕಡೆ ತಿರುಗಿದರು. ಹೊರಗೆ ಹಾರುವಾಗ ವಿಮಾನದ ಬಾಲಕ್ಕೆ ತಲೆ ಬಡಿಯಿತು. ಪುಟ್ಟ ರಬ್ಬರ್ ತೆಪ್ಪ ಸಿಕ್ಕಿತು, ಹುಟ್ಟು ಇರಲಿಲ್ಲ. ಅಲೆಗಳು ಜಪಾನಿ ಸೈನಿಕರಿದ್ದ ದಡದ ಕಡೆಗೇ ತಳ್ಳುತ್ತಿದ್ದವು. ಹಣೆಯಲ್ಲಿ ರಕ್ತ, ಹೊಟ್ಟೆಯಲ್ಲಿ ಉಪ್ಪುನೀರು. ವಾಂತಿ ಮಾಡಿಕೊಳ್ಳುತ್ತ, ಅಳುತ್ತ, ಬರಿಗೈಯಲ್ಲಿ ನೀರು ತಳ್ಳಿದರು. ಕೊನೆಗೆ ಫಿನ್‌ಬ್ಯಾಕ್ ಎಂಬ ಅಮೆರಿಕದ ಜಲಾಂತರ್ಗಾಮಿ ಎತ್ತಿಕೊಂಡಿತು. ವಿಮಾನದಲ್ಲಿ ಜೊತೆಗಿದ್ದ ಡಿಲೇನಿ ಮತ್ತು ವೈಟ್ ಉಳಿಯಲಿಲ್ಲ. ನಾನೊಬ್ಬನೇ ಯಾಕೆ ಉಳಿದೆ ಎಂಬ ಪ್ರಶ್ನೆ ಅವರನ್ನು ಮುಪ್ಪಿನವರೆಗೂ ಬಿಡಲಿಲ್ಲ.

ಜಪಾಟಾ ಶುರುವಾದ ವರ್ಷವೇ ಮಗಳು ರಾಬಿನ್‌ಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ನ್ಯೂಯಾರ್ಕಿಗೆ ಕರೆದೊಯ್ದು ತಿಂಗಳುಗಟ್ಟಲೆ ಚಿಕಿತ್ಸೆ ಕೊಡಿಸಿದರು. ಅಕ್ಟೋಬರಿನಲ್ಲಿ ಮಗು ಹೋಯಿತು. ಇನ್ನೂ ನಾಲ್ಕು ತುಂಬಿರಲಿಲ್ಲ. ಅವಳ ನೆನಪಿಗೆ ಗಂಡ ಹೆಂಡತಿ ಈ ಕಾಯಿಲೆಯ ಸಂಶೋಧನೆಗೆ ಒಂದು ನಿಧಿ ಕಟ್ಟಿದರು. ಮಿಡ್‌ಲ್ಯಾಂಡ್ ಊರಿನಲ್ಲಿ ಬುಷ್ ಹುಡುಗರಿಗೆ ಬೇಸ್‌ಬಾಲ್ ಕಲಿಸಿದರು, ಚರ್ಚಿನಲ್ಲಿ ಭಾನುವಾರದ ಪಾಠ ಹೇಳಿದರು, ವೈಎಂಸಿಎ ಎಂಬ ಯುವಜನ ಸಂಸ್ಥೆಯ ಕೆಲಸಕ್ಕೆ ಓಡಾಡಿದರು. ಇದೆಲ್ಲ 1950ರ ದಶಕದ ಮಾತು. ಅವರು ಮೊದಲ ಸಲ ಸೆನೆಟ್ ಚುನಾವಣೆಗೆ ನಿಂತದ್ದು 1964ರಲ್ಲಿ. ವೋಟಿನ ಲೆಕ್ಕ ಎಲ್ಲಿಂದ ಬಂತು, ಹೇಳಿ?

ಇನ್ನೊಂದು ಫೋಟೋ ಇದೆ, 2013ರದ್ದು. ಬುಷ್ ಅವರ ಕಾವಲು ಪಡೆಯ ಸಿಬ್ಬಂದಿಯೊಬ್ಬರ ಎರಡು ವರ್ಷದ ಮಗನಿಗೆ ಅದೇ ರಕ್ತದ ಕ್ಯಾನ್ಸರ್. ಚಿಕಿತ್ಸೆಯಿಂದ ಕೂದಲು ಉದುರಿತ್ತು. 89 ವರ್ಷದ ಬುಷ್ ತಾವೂ ತಲೆ ಬೋಳಿಸಿಕೊಂಡು, ಆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾರೆ. ರಾಬಿನ್ ಹೋಗಿ ಆಗ 60 ವರ್ಷ.