ಅಪ್ಪಯ್ಯನಿಗೆ ನೆನಪಿರುವಾಗಲೇ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಶಿರಸಿ ಸಮೀಪದ ಅಡಿಕೆ ತೋಟದ ಮನೆ. ಕಿರಿಯ ಮಗ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದದ್ದು ನಿದ್ದೆ ಬರುತ್ತಿಲ್ಲವೆಂದು. ಎರಡನೇ ಭೇಟಿಯಲ್ಲಿ ವಿಷಯ ಹೊರಬಿತ್ತು. 18 ವರ್ಷದಿಂದ ಮದ್ದು ಹೊಡೆಸಿ, ಅಡಿಕೆ ಕೊನೆ ಕೊಯ್ಸಿ ತೋಟ ನೋಡಿಕೊಂಡವರು ಅವರೇ. ಅಣ್ಣ ಬೆಂಗಳೂರಲ್ಲಿ, ತಂಗಿ ಕುಮಟಾದಲ್ಲಿ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿ. ಅಪ್ಪಯ್ಯನಿಗೆ ಮರೆವು ಶುರುವಾಗಿದೆ.

"ಈಗ ಪಾಲಿನ ಮಾತೆತ್ತಿದ್ರೆ, ಅವರು ಹೋಗೋದನ್ನೇ ಕಾಯ್ತಿದ್ದೆ ಅಂದ್ಕೊಳ್ಳೂದಿಲ್ವ?"

ಈ ಹೆದರಿಕೆಯನ್ನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ!

ಮೂವರೂ ಮಕ್ಕಳು ಸೇರುವ ದಿನ ನೋಡಿ ಅವರ ಮನೆಗೇ ಹೋದೆ. ಜಗಲಿಯಲ್ಲಿ ಅಪ್ಪಯ್ಯ ಕವಳಕ್ಕೆ ಎಲೆ ಒರೆಸಿ ಸುಣ್ಣ ಹಚ್ಚಿದರು. ಮಾತಾಡುತ್ತ ಅದೇ ಎಲೆಗೆ ಮತ್ತೆ ಹಚ್ಚಿದರು. ಮಗಳು ಮೆಲ್ಲಗೆ ಅದನ್ನು ತೆಗೆದು ಬೇರೆ ಎಲೆ ಇಟ್ಟಳು. ಮರೆವಿನ ಮಾತನ್ನು ಫೋನಿನಲ್ಲಿ ನಂಬದಿದ್ದ ಹಿರಿಯ ಮಗ ತಲೆ ತಗ್ಗಿಸಿದ.

ನಾನು ವಕೀಲನಲ್ಲ, ಆದರೂ ಕೆಲವನ್ನು ಬಿಡಿಸಿ ಹೇಳಿದೆ. ಉಯಿಲು ಇಲ್ಲದೆ ಅಪ್ಪಯ್ಯ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವರ ಆಸ್ತಿಯಲ್ಲಿ ಹೆಂಡತಿ, ಮಕ್ಕಳಿಗೆ ಸಮಪಾಲು. 18 ವರ್ಷದ ದುಡಿತ ಅಲ್ಲಿ ಲೆಕ್ಕಕ್ಕೆ ಬಾರದು. ಅದನ್ನು ಪರಿಗಣಿಸಬೇಕಾದವರು ಅಪ್ಪಯ್ಯನೇ, ಅದೂ ತಿಳಿವು ಇರುವಾಗ. ಆದರೆ ಪಿತ್ರಾರ್ಜಿತದಲ್ಲಿ ಅವರು ಬರೆದುಕೊಡಬಹುದಾದದ್ದು ತಮ್ಮ ಪಾಲನ್ನಷ್ಟೇ. "ತಂಗಿಗೆ ಮದುವೆಯಲ್ಲಿ ಬಂಗಾರ ಕೊಟ್ಟಾಗಿದೆ" ಎಂದ ಅಣ್ಣನಿಗೆ ನೇರವಾಗಿಯೇ ಹೇಳಿದೆ: 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿದೆ. ಬ್ಯಾಂಕಿನ ನಾಮಿನಿ ಹಣ ಪಡೆಯಬಹುದು, ಅಷ್ಟಕ್ಕೇ ಒಡೆಯನಾಗುವುದಿಲ್ಲ.

ಮೊದಲು ವೈದ್ಯರಲ್ಲಿ ತಪಾಸಣೆ ಮಾಡಿಸಿ ಎಂದೆ. ಮರೆವಿದ್ದರೂ ಯಾರಿಗೆ ಏನು ಕೊಡುತ್ತಿದ್ದೇನೆಂಬ ಅರಿವಿದ್ದರೆ ಉಯಿಲು ಮಾಡಬಹುದು. ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಪಾಲು ಪಡೆಯುವವರು ಸಾಕ್ಷಿ ಹಾಕದಿರುವುದೇ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಪೌತಿ ಖಾತೆ, ಅಂದರೆ ತೀರಿಹೋದ ಅಜ್ಜನ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸುವ ಕೆಲಸ, ಇನ್ನು ಮುಂದೂಡಬೇಡಿ.

ಮಾತು ಶುರುಮಾಡಲು ಅವರ ತಾಯಿಯ ಬಗ್ಗೆ ಒಂದೇ ಪ್ರಶ್ನೆ ಕೊಟ್ಟೆ: "ಮುಂದೆ ಆಯಿಗೆ ಎಂತ ವ್ಯವಸ್ಥೆ?" ಕಿರಿಯ ಮಗ ಕೇಳಿದರು. ಅಪ್ಪಯ್ಯ ತಡವರಿಸಲಿಲ್ಲ.

"ಮನೆ ಅವಳಿಗೆ. ಬರ್ಕಳಿ."

ಆ ಮನೆ ಅವರೇ ದುಡಿದು ಕಟ್ಟಿಸಿದ್ದು. ಬಾಗಿಲ ಬಳಿ ನಿಂತಿದ್ದ ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಂದಿನ ವಾರ ವೈದ್ಯರನ್ನೂ ವಕೀಲರನ್ನೂ ಕಂಡು ಬಂದರು. ತೋಟದ ಪಾಲಿನ ಮಾತು ಇನ್ನೂ ನಡೆದಿದೆ. ತಂಗಿ ಸ್ವಲ್ಪ ಸಮಯ ಕೇಳಿದ್ದಾಳೆ.